ನಾಯಿ ತರಬೇತಿಯ 10 ಮೀಟರ್ ಲಾಂಗ್ ಲೈನ್ (ಲೇಪ ಹಾಕಿದ ಉದ್ದ ಪಟ್ಟಿ): ಕಾರವಾರದ ಮರಳಿಗೆ ಹೊಂದುತ್ತದೆಯೇ?

ರಂಪಣಿ ಬಲೆ ಎಳೆದು ಮುಗಿದ ಮೇಲೆ ಕಾರವಾರದ ಟಾಗೋರ್ ಕಡಲತೀರದಲ್ಲಿ ಉಳಿಯುವ ಸಣ್ಣ ತಾರ್ಲೆ, ಏಡಿಯ ಕಾಲು, ಮೀನಿನ ತಲೆ ಎಲ್ಲವೂ ನಾಯಿಯ ಪಾಲಿಗೆ ಸಂಬಳ. ಕರೆದಾಗ ಬಾರದ ನಾಯಿಗೆ ಸೊಕ್ಕು ಅನ್ನುವುದು ತಪ್ಪು. ಈವರೆಗೆ ಯಾವ ಕೆಲಸಕ್ಕೆ ಎಷ್ಟು ಸಿಕ್ಕಿದೆಯೋ ಆ ಲೆಕ್ಕದಂತೆ ಅದು ಆರಿಸಿಕೊಳ್ಳುತ್ತದೆ. ಮನಶ್ಶಾಸ್ತ್ರಜ್ಞ ರಿಚರ್ಡ್ ಹರ್ನ್‌ಸ್ಟೀನ್ 1961ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕುಕ್ಕಿದರೆ ಕಾಳು ಬೀಳುವ ಎರಡು ಗುಂಡಿಗಳ (ಬಟನ್) ಮುಂದೆ ನಿಂತ ಪಾರಿವಾಳಗಳು ಯಾವುದರಿಂದ ಎಷ್ಟು ಸಲ ಕಾಳು ಬರುತ್ತಿತ್ತೋ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ಅದನ್ನು ಕುಕ್ಕಿದವು. ತೀರದಲ್ಲಿ ಒಂದು ಗುಂಡಿ ನೀವು, ಇನ್ನೊಂದು ಮೀನು. ಎರಡನೆಯ ಗುಂಡಿಯಿಂದ ಕಾಳು ಬೀಳದಂತೆ ತಡೆಯುವುದು ಲಾಂಗ್ ಲೈನಿನ ಕೆಲಸ. ನಾಯಿಯನ್ನು ಎಳೆದು ತರುವುದು ಅದರ ಕೆಲಸವಲ್ಲ.

ಈ ಕೆಲಸಕ್ಕೆ ಪಾಲಿಯೆಸ್ಟರ್ ಪಟ್ಟಿಗೆ ಪಿವಿಸಿ ಅಥವಾ ಟಿಪಿಯು ಎಂಬ ಪ್ಲಾಸ್ಟಿಕ್ಕಿನ ಲೇಪ ಹಾಕಿದ ಲೈನ್, ಅಂದರೆ ಬಯೋಥೇನ್ ಹೆಸರಿನಿಂದ ಪರಿಚಿತವಾದ ಬಗೆ, ಕರಾವಳಿಗೆ ಎಲ್ಲಕ್ಕಿಂತ ಒಳ್ಳೆಯದು. ನೀರು ಹೀರುವುದಿಲ್ಲ, ಮರಳು ಅಂಟಿದರೂ ಒಂದು ಬಕೆಟ್ ಸಿಹಿನೀರಿನಲ್ಲಿ ಹೋಗುತ್ತದೆ, ಮಳೆಗಾಲದಲ್ಲಿ ಬೂಸ್ಟು ಹಿಡಿಯುವುದಿಲ್ಲ. 15–20 ಕೆ.ಜಿ.ಯ ನಾಡನಾಯಿಗೆ 13 ಮಿ.ಮೀ. ಅಗಲ ಸಾಕು. 30 ಕೆ.ಜಿ.ಯ ಲ್ಯಾಬ್ರಡಾರ್‌ಗೆ 16 ಅಥವಾ 19 ಬೇಕು. ಒಂದು ಕೊರತೆ ಇದೆ: ಒದ್ದೆಯಾದರೆ ಕೈಯಿಂದ ಜಾರುತ್ತದೆ. ಕೈಗವಸು ಇಲ್ಲದೆ ಹಿಡಿಯಬೇಡಿ. ಕೈಗೆ ಸುತ್ತಿಕೊಳ್ಳುವುದಂತೂ ಬೇಡವೇ ಬೇಡ, ನಾಯಿ ಓಡಿದರೆ ಬೆರಳು ಮುರಿಯುತ್ತದೆ.

ಹತ್ತಿ ನಿವಾರಿನದು ಕೈಗೆ ಹಿತ, ಬೆಲೆಯೂ ಕಡಿಮೆ. ಆದರೆ ಒಂದು ಅಲೆ ತಾಗಿದರೆ ತೂಕ ಏರುತ್ತದೆ, ಒಣಗಲು ದಿನ ಬೇಕು. ಮೀನುಗಾರರು ಬಳಸುವ ಪಾಲಿಪ್ರೊಪಿಲೀನ್ ಹಗ್ಗ ಅಗ್ಗ, ನೀರಿನಲ್ಲಿ ತೇಲುತ್ತದೆ. ಆದರೆ ಬಿಸಿಲಿಗೆ ಎಳೆ ಬಿಡುತ್ತದೆ, ಅಂಗೈ ಸುಡುತ್ತದೆ. ಸ್ಪ್ರಿಂಗ್ ಇರುವ, ತಾನೇ ಸುತ್ತಿಕೊಳ್ಳುವ ಪಟ್ಟಿಯನ್ನು ಕೊಳ್ಳಲೇಬೇಡಿ. ಮರಳು ಸೇರಿ ಹಾಳಾಗುವುದು ಸಣ್ಣ ಕಾರಣ. ದೊಡ್ಡ ಕಾರಣವೆಂದರೆ ಅದು ನಾಯಿಗೆ ಎಳೆಯುವುದನ್ನೇ ಕಲಿಸುತ್ತದೆ: ಎಳೆದಷ್ಟೂ ಪಟ್ಟಿ ಉದ್ದವಾಗುತ್ತದೆ, ಪ್ರತಿ ಎಳೆತಕ್ಕೂ ಬಹುಮಾನ ಸಿಗುತ್ತದೆ.

ಲೈನಿಗಿಂತ ಮೊದಲು ಕೈಕೊಡುವುದು ಕೊಕ್ಕೆ. ನಿಕಲ್ ಲೇಪದ ಸತುಮಿಶ್ರಲೋಹದ ಕೊಕ್ಕೆಯ ಮೈ ಹೊಳೆಯುತ್ತಿರುವಾಗಲೇ ಒಳಗಿನ ಉಕ್ಕಿನ ಸ್ಪ್ರಿಂಗ್ ಉಪ್ಪಿಗೆ ತುಕ್ಕು ಹಿಡಿದು ನಾಲಿಗೆ ಅರ್ಧಕ್ಕೆ ನಿಲ್ಲುತ್ತದೆ. 316 ದರ್ಜೆಯ ಸ್ಟೇನ್‌ಲೆಸ್ ಅಥವಾ ಗಟ್ಟಿ ಹಿತ್ತಾಳೆಯದನ್ನು ಕೇಳಿ. ಪ್ರತಿ ಸಲ ಸಿಹಿನೀರಿನಲ್ಲಿ ತೊಳೆದು, ವಾರಕ್ಕೊಮ್ಮೆ ಹೊಲಿಗೆ ಮಷಿನ್ ಎಣ್ಣೆ ಒಂದು ಹನಿ ಹಾಕಿದರೆ ಬಾಳುತ್ತದೆ. ಲೈನಿನ ತುದಿಯ ಹಿಡಿಕೆಯ ಕುಣಿಕೆ ಇದ್ದರೆ ಕತ್ತರಿಸಿ ಹಾಕಿ, ಅದು ಬಂಡೆಗೋ ದೋಣಿಯ ಲಂಗರಿಗೋ ಸಿಕ್ಕಿಕೊಳ್ಳುತ್ತದೆ. ಕೊಕ್ಕೆಯನ್ನು ಬೆನ್ನಿನ ಮೇಲೆ ಉಂಗುರವಿರುವ ಹಾರ್ನೆಸ್‌ಗೆ (ಎದೆ ಸುತ್ತ ಕಟ್ಟುವ ಪಟ್ಟಿಗೆ) ಹಾಕಿ. ಕೊರಳಪಟ್ಟಿಗೆ ಹಾಕಿದರೆ 10 ಮೀಟರ್ ಓಡಿ ಬಂದ ವೇಗವೆಲ್ಲ ಕುತ್ತಿಗೆಗೆ ಬೀಳುತ್ತದೆ.

ಇಷ್ಟು ಖರ್ಚು ಮಾಡಿದವರಲ್ಲಿ ಹಲವರು ಎಡವುವುದು ಬಳಕೆಯಲ್ಲಿ. ಮೊದಲ ದಿನವೇ ತೀರಕ್ಕೆ ಒಯ್ಯಬೇಡಿ. ಮನೆಯ ಅಂಗಳದಲ್ಲಿ 2 ಮೀಟರ್ ದೂರದಿಂದ ಒಂದೇ ಸಲ "ಬಾ" ಅನ್ನಿ. ತಲೆ ತಿರುಗಿದ ಕ್ಷಣಕ್ಕೇ ಕ್ಲಿಕರ್ (ಒತ್ತಿದರೆ ಟಕ್ ಎನ್ನುವ ಪುಟ್ಟ ಸಾಧನ) ಒತ್ತಿ, ತಿಂಡಿಯನ್ನು ನಿಮ್ಮ ಪಾದದ ಬಳಿ ಕೊಡಿ. ಕ್ಲಿಕ್ ಒಂದು ಸೆಕೆಂಡ್ ತಡವಾದರೂ ನಾಯಿ ಅಷ್ಟರಲ್ಲಿ ನೆಲ ಮೂಸುತ್ತಿರಬಹುದು, ಬಹುಮಾನ ಮೂಸುವಿಕೆಗೆ ಹೋಗುತ್ತದೆ. ನಿಮಿಷಕ್ಕೆ ಎಂಟು ಹತ್ತು ಸಲ, ಎರಡು ನಿಮಿಷ, ಆಮೇಲೆ ವಿಶ್ರಾಂತಿ. ಐದರಲ್ಲಿ ನಾಲ್ಕು ಸಲ ಬಂದರೆ 5 ಮೀಟರ್, ಮತ್ತೆ 10. ಎರಡು ಸಲ ತಪ್ಪಿದರೆ ಹಿಂದಿನ ದೂರಕ್ಕೆ ಮರಳಿ. ತೀರದಲ್ಲಿ ಈ ಲೆಕ್ಕವನ್ನು ಮತ್ತೆ 2 ಮೀಟರಿನಿಂದ ಶುರುಮಾಡಬೇಕು. ಅಂಗಳದಲ್ಲಿ ಕಲಿತದ್ದು ಮರಳಿನ ಮೇಲೆ ತಾನಾಗಿ ಬರುವುದಿಲ್ಲ.

ಅಲ್ಲಿ ಬಿಸ್ಕೆಟ್ ಸಾಲದು. ಬಟಾಣಿ ಗಾತ್ರದ, ಉಪ್ಪಿಲ್ಲದೆ ಬೇಯಿಸಿದ ಕೋಳಿಮಾಂಸದ ಮೂರು ನಾಲ್ಕು ತುಂಡು ಒಂದಾದ ಮೇಲೊಂದು ಕೊಡಿ. ಉಪ್ಪು ಹಾಕಿದ ಒಣಬಂಗಡೆ ಬೇಡ, ಅಷ್ಟು ಉಪ್ಪು ನಾಯಿಗೆ ವಿಷ.

ನಾಯಿ ಮೀನಿನ ಕಡೆ ಹೊರಟರೆ ಎಳೆಯಬೇಡಿ, ಲೈನ್ ಬಿಗಿಹಿಡಿದು ಸುಮ್ಮನೆ ನಿಲ್ಲಿ. ಮೊದಲಿಗೆ ಅದು ಇನ್ನೂ ಜೋರಾಗಿ ಎಳೆಯುತ್ತದೆ, ಹಿಂದೆ ಸಿಗುತ್ತಿದ್ದದ್ದು ನಿಂತಾಗ ಹಾಗೆ ಆಗುವುದು ಸಹಜ. ಆ ಗಳಿಗೆಯಲ್ಲಿ ಸೋತು ಬಿಟ್ಟರೆ, ಹೆಚ್ಚು ಜೋರಾಗಿ ಎಳೆದರೆ ಸಿಗುತ್ತದೆ ಎಂದೇ ಅದು ಕಲಿಯುತ್ತದೆ. ತಲೆ ತಿರುಗಿಸಿದ ತಕ್ಷಣ ಕ್ಲಿಕ್. ಬಲೆಯಿಂದ ಬಿಸಾಡಿದ ವಿಷದ ಪಫರ್ ಮೀನು, ಕಡಲಹಾವು ಅಲ್ಲಿ ಬಿದ್ದಿರಬಹುದು, ಹಾಗಾಗಿ ಒಂದೇ ಒಂದು ಸಲ ಬಿಟ್ಟರೂ ಅಪಾಯ. ಮೀನು ದಿನಾ ಸಿಗದೆ ಆಗೊಮ್ಮೆ ಈಗೊಮ್ಮೆ ಸಿಗುತ್ತದಲ್ಲ, ಅಂಥ ಅಭ್ಯಾಸ ಅಳಿಯುವುದು ಇನ್ನೂ ಕಷ್ಟ.

ಮನೆಗೆ ಹೊರಡುವಾಗ ಮಾತ್ರ "ಬಾ" ಅಂದರೆ ಆ ಪದ ಕೆಡುತ್ತದೆ. ಹತ್ತು ಸಲ ಕರೆದರೆ ಒಂಬತ್ತು ಸಲ ತಿಂಡಿ ಕೊಟ್ಟು "ಹೋಗು" ಅಂತ ಮತ್ತೆ ಬಿಡಿ. ಮೂಸಲು ಹೋಗುವ ಅವಕಾಶವೇ ಒಂದು ಬಹುಮಾನ. ನಾಯಿ ಬಾರದಿದ್ದಾಗ ಲೈನ್ ಜಗ್ಗಿ ತಂದರೆ, ಲೈನ್ ಇದ್ದಾಗ ಮಾತ್ರ ಬರಬೇಕು ಎಂದು ಅದು ಬೇಗ ಕಂಡುಕೊಳ್ಳುತ್ತದೆ. ಅದಕ್ಕೇ ಬಿಚ್ಚುವುದನ್ನು ಒಮ್ಮೆಲೇ ಮಾಡಬಾರದು: 10 ಮೀಟರನ್ನು ಮೊದಲು ನೆಲದ ಮೇಲೆ ಎಳೆದಾಡಲು ಬಿಡಿ, ಮುಂದೆ 5, 2, ಕೊನೆಗೆ ಗೇಣುದ್ದದ ತುಂಡು. ಹದಿನೈದು ದಿನಕ್ಕೇ ಬಿಚ್ಚಿದವರ ನಾಯಿ ಹಳೆಯ ಚಾಳಿಗೆ ಮರಳಿದರೆ ಅಚ್ಚರಿಯಿಲ್ಲ. ಅಳಿದಂತೆ ಕಂಡ ಅಭ್ಯಾಸ ಕೆಲವು ದಿನದ ಬಿಡುವಿನ ನಂತರ ಮತ್ತೆ ತಲೆ ಎತ್ತುತ್ತದೆ. ಮಳೆಗಾಲ ಮುಗಿದು ಮತ್ತೆ ತೀರಕ್ಕೆ ಹೋಗುವ ಮೊದಲ ವಾರ ಉದ್ದ ಲೈನ್ ಹಾಕಲೇಬೇಕು.

ಶಿರಸಿ ಕಡೆಯವರು ಮಾತ್ರ 10 ಮೀಟರಿನದು ತರಿಸಬೇಡಿ. ಅಡಿಕೆ ಮರಗಳ ನಡುವೆ ಅದು ನಾಲ್ಕು ಹೆಜ್ಜೆಗೆ ಸುತ್ತಿಕೊಳ್ಳುತ್ತದೆ. ತೋಟಕ್ಕೆ 5 ಮೀಟರ್ ಪಟ್ಟಿ ಸಾಕು.