ಕಕ್ಕಡದ ಮಳೆಯಲ್ಲಿ ಲಿಬ್ರೆಆಫೀಸ್ ಕಂಪೈಲ್ ಮಾಡಿದ ಅನುಭವ

ನಮ್ಮ ಕೊಡಗಿನ ತೋಟಗಳಲ್ಲಿ ರೈಟರ್ ಎಂದರೆ ಕೆಲಸದವರ ಹಾಜರಿ ಬರೆದು ವಾರದ ಬಟವಾಡೆಯ ಲೆಕ್ಕ ಸಿದ್ಧಪಡಿಸುವ ಮನುಷ್ಯ. ಕಚೇರಿ ಕೆಲಸದ ಉಚಿತ ತಂತ್ರಾಂಶಗಳ ಗುಂಪಾದ ಲಿಬ್ರೆಆಫೀಸಿನಲ್ಲಿ ರೈಟರ್ ಎಂದರೆ ಪತ್ರ, ವರದಿ ಬರೆಯುವ ತಂತ್ರಾಂಶ. ನಾಪೋಕ್ಲು ಬಳಿಯ ನಮ್ಮ ತೋಟದ ರೈಟರು ಆ ರೈಟರನ್ನು ಮುಟ್ಟಿದವರಲ್ಲ, ಅವರ ವ್ಯವಹಾರವೆಲ್ಲ ಅದೇ ಗುಂಪಿನ ಲೆಕ್ಕದ ಹಾಳೆಯಾದ ಕ್ಯಾಲ್ಕಿನಲ್ಲಿಯೇ. ಪ್ರತಿ ಬಟವಾಡೆಗೂ ಅವರದು ಒಂದೇ ಪ್ರಶ್ನೆ: “ಸಾರ್, ತಾರೀಕಿನ ಸಾಲು ಮೇಲೆ ಓಡಿ ಹೋಗ್ತದೆ, ಅದನ್ನು ಹಿಡಿದು ನಿಲ್ಲಿಸೋದು ಎಲ್ಲಿ?” ತೋರಿಸಿದರೆ ಆ ಹೊತ್ತಿಗೆ ನೆನಪಿರುತ್ತದೆ, ಮುಂದಿನ ವಾರ ಮತ್ತೆ ಅದೇ. ಮೆನುವಿನಲ್ಲಿ ಅವರ ಮಾತನ್ನೇ ಬರೆದುಬಿಟ್ಟರೆ ಆಯಿತಲ್ಲ ಎಂಬ ಯೋಚನೆಯಿಂದ, ಎಂಟು ಜಿಬಿ ಮೆಮೊರಿಯ ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ, ಉಬುಂಟು ಎಂಬ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ ಮೇಲೆ, ಲಿಬ್ರೆಆಫೀಸನ್ನು ಮೂಲಸಂಕೇತದಿಂದ (ಕೋಡಿನಿಂದ) ಕಂಪೈಲ್ ಮಾಡಲು, ಅಂದರೆ ಓಡುವ ತಂತ್ರಾಂಶವಾಗಿ ಕಟ್ಟಿಕೊಳ್ಳಲು ಹೊರಟೆ. ಈ ವಿಮರ್ಶೆ ತಂತ್ರಾಂಶದ ಬಗ್ಗೆ ಅಲ್ಲ, ಅದನ್ನು ಕಟ್ಟಿಕೊಳ್ಳುವ ವ್ಯವಸ್ಥೆಯ ಬಗ್ಗೆ.

ಮೊದಲ ಅಡ್ಡಿ ಎದುರಾಗುವುದು ಕೋಡನ್ನು ಇಳಿಸಿಕೊಳ್ಳುವಲ್ಲಿ. ಕೋಡಿನ ಬದಲಾವಣೆಗಳ ಇತಿಹಾಸವನ್ನು ಕಾಪಿಡುವ ಗಿಟ್ ಬಳಸಿ ಇಡೀ ಭಂಡಾರವನ್ನು ಇತಿಹಾಸ ಸಮೇತ ತರಲು ಹೊರಟರೆ ಅದು ಬಹಳ ದೊಡ್ಡದು, ಮತ್ತು ಗಿಟ್ ಕ್ಲೋನ್ (ಪ್ರತಿ ಇಳಿಸುವ ಆಜ್ಞೆ) ನಡುವೆ ಕಡಿದರೆ ನಿಂತಲ್ಲಿಂದ ಮುಂದುವರಿಯುವುದಿಲ್ಲ, ಮೊದಲಿನಿಂದ ಶುರು. ಕಕ್ಕಡದಲ್ಲಿ (ಕೊಡವರ ಮಳೆಗಾಲದ ತಿಂಗಳು) ನಮ್ಮಲ್ಲಿ ಕಡಿಯದ ತಂತಿ ಯಾವುದಿದೆ? ಎರಡು ರಾತ್ರಿ ಕಳೆದುಕೊಂಡ ಮೇಲೆ ಲ್ಯಾಪ್‌ಟಾಪನ್ನು ಮಡಿಕೇರಿಯ ನೆಂಟರ ಮನೆಗೆ ಒಯ್ದು, ಇತಿಹಾಸವನ್ನು ಬಿಟ್ಟು ಇತ್ತೀಚಿನ ಪ್ರತಿಯನ್ನು ಮಾತ್ರ ತರುವ ‘ಡೆಪ್ತ್ 1’ ಆಯ್ಕೆಯನ್ನು ಕೊಟ್ಟು ಇಳಿಸಿಕೊಂಡೆ. ಅಲ್ಲಿಯೇ ಇನ್ನೆರಡು ಕೆಲಸ ಮುಗಿಸಿದ್ದು ಬುದ್ಧಿವಂತಿಕೆಯಾಯಿತು. ಉಬುಂಟುವಿನ ‘ಬಿಲ್ಡ್-ಡೆಪ್’ ಆಜ್ಞೆಯಿಂದ ಬೇಕಾದ ಕಂಪೈಲರ್, ಲೈಬ್ರರಿಗಳನ್ನು ಹಾಕಿಕೊಂಡೆ. ಇದಕ್ಕೆ ಮುಂಚೆ ಸಿಸ್ಟಮಿನ ಸೆಟ್ಟಿಂಗಿನಲ್ಲಿ ಸೋರ್ಸ್ ಪ್ಯಾಕೇಜುಗಳ ಸಾಲನ್ನು ತೆರೆದಿರಬೇಕು. ಬಳಿಕ, ಕಟ್ಟುವ ಕೆಲಸ ನಡೆಸುವ ‘ಮೇಕ್’ ಆಜ್ಞೆಯನ್ನು ‘ಮೇಕ್ ಫೆಚ್’ ಎಂದು ಕೊಟ್ಟಾಗ, ಲಿಬ್ರೆಆಫೀಸ್ ಆಶ್ರಯಿಸಿರುವ ಹೊರಗಿನ ಯೋಜನೆಗಳ ಕಟ್ಟುಗಳೆಲ್ಲ ಒಂದು ಫೋಲ್ಡರಿಗೆ ಬಂದು ಬಿದ್ದವು. ಅಲ್ಲಿಂದ ಮುಂದೆ ಇಂಟರ್‌ನೆಟ್ಟಿನ ಹಂಗಿಲ್ಲ. ಊರಿನ ಸಂಪರ್ಕದ ಸ್ಥಿತಿ ಬಲ್ಲವರಿಗೆ ಇದು ಸಣ್ಣ ಅನುಕೂಲವಲ್ಲ.

ಮೇಕ್ ಫೆಚ್ ಕೊಡುವ ಮೊದಲೇ ಬೇಕಾದ ಆಯ್ಕೆಗಳನ್ನು ‘ಆಟೋಜೆನ್.ಇನ್‌ಪುಟ್’ ಎಂಬ ಒಂದು ಸಾದಾ ಕಡತದಲ್ಲಿ ಸಾಲಿಗೊಂದರಂತೆ ಬರೆದಿಡುವ ಪದ್ಧತಿ ನನಗೆ ಬಹಳ ಹಿಡಿಸಿತು. ಭಾಷೆಯ ಆಯ್ಕೆಯಲ್ಲಿ ‘ಕೆಎನ್’ ಎಂದು ಸೇರಿಸಿದರೆ ಕನ್ನಡ ಅನುವಾದಗಳ ಭಂಡಾರವೂ ಜೊತೆಗೆ ಬರುತ್ತದೆ. ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯ ನೆರವು ಬೇಡ ಎಂದು ಬರೆದೆ. ದತ್ತಾಂಶ ಭಂಡಾರದ ಕೆಲಸಕ್ಕಿರುವ ಬೇಸ್ ವಿಭಾಗದ ಕೆಲವು ಸೌಲಭ್ಯಗಳು ತಪ್ಪುತ್ತವೆ, ಬಟವಾಡೆಗೆ ಅವು ಬೇಕಿಲ್ಲ. ನಾನು ಎಡವಿದ್ದು ಏನನ್ನೂ ಬರೆಯದೆ ಬಿಟ್ಟ ಒಂದು ಕಡೆ. ಏಕಕಾಲಕ್ಕೆ ಎಷ್ಟು ಕಡತ ಕಂಪೈಲ್ ಆಗಬೇಕೆಂದು ಹೇಳದಿದ್ದರೆ, ಅದು ಪ್ರೊಸೆಸರ್ ತೋರಿಸುವಷ್ಟನ್ನೂ ಬಳಸಿಕೊಳ್ಳುತ್ತದೆ. ನನ್ನಲ್ಲಿ ಎಂಟು ಕೆಲಸ ಒಟ್ಟಿಗೆ ಓಡಿದವು, ಒಂದೊಂದು ದೊಡ್ಡ ಸಿ++ ಕಡತವೂ ಮೆಮೊರಿಯನ್ನು ಧಾರಾಳವಾಗಿ ನುಂಗಿತು, ಮೌಸ್ ಅಲುಗಾಡದಂತಾಯಿತು, ಕೊನೆಗೆ ‘ಕಿಲ್ಡ್’ ಎಂಬ ಒಂದು ಶಬ್ದ ಉಳಿಸಿ ಎಲ್ಲವೂ ನಿಂತಿತು. ಆ ಸಂಖ್ಯೆಯನ್ನು ಎರಡಕ್ಕೆ ಇಳಿಸಿ, ಬ್ರೌಸರ್ ಮುಚ್ಚಿದ ಮೇಲೆ ಕೆಲಸ ನಿಧಾನವಾದರೂ ನಿಲ್ಲಲಿಲ್ಲ.

ಅದು ನಿಲ್ಲದಿದ್ದರೂ ಕರೆಂಟು ನಿಂತಿತು. ಎರಡನೆಯ ಸಂಜೆ ಸಿಲ್ವರ್ ಓಕಿನ ಕೊಂಬೆ ಲೈನಿನ ಮೇಲೆ ಬಿತ್ತು. ಪೂರ್ತಿ ದುಡಿಯುತ್ತಿದ್ದ ಲ್ಯಾಪ್‌ಟಾಪಿನ ಬ್ಯಾಟರಿ ಒಂದು ಗಂಟೆಯೂ ಬಾಳಲಿಲ್ಲ. ಈ ವ್ಯವಸ್ಥೆಯ ನಿಜವಾದ ಗುಣ ನನಗೆ ಕಂಡದ್ದು ಮಾರನೆಯ ದಿನ. ಮತ್ತೆ ‘ಮೇಕ್’ ಎಂದಾಗ ಅದು ಆಗಿರುವುದನ್ನು ಮುಟ್ಟದೆ, ಉಳಿದದ್ದನ್ನು ಮಾತ್ರ ಕೈಗೆತ್ತಿಕೊಂಡಿತು. ಒಂದು ಕಡತ ಮಾತ್ರ ಕರೆಂಟು ಹೋದ ಕ್ಷಣದಲ್ಲಿ ಬರೆಯುತ್ತಿದ್ದುದರಿಂದ ಸೊನ್ನೆ ಬೈಟಿನಲ್ಲಿ ಉಳಿದಿತ್ತು, ಹೆಸರು ಇದೆ, ಒಳಗೇನಿಲ್ಲ. ಮೇಕ್ ಅದನ್ನು ಮುಗಿದ ಕೆಲಸವೆಂದೇ ನಂಬಿ ಮುಂದೆ ಹೋಗಿ, ತುಣುಕುಗಳನ್ನು ಜೋಡಿಸಿ ಲಿಂಕ್ ಮಾಡುವಾಗ ತಕರಾರು ಎತ್ತಿತು. ಇಂಥ ಖಾಲಿ ಕಡತಗಳನ್ನು ಹುಡುಕಿ ಅಳಿಸಿದರೆ ಸರಿಹೋಗುತ್ತದೆ, ಅಥವಾ ಆ ಭಾಗವೊಂದನ್ನೇ ‘ಕ್ಲೀನ್’ ಮಾಡಿ (ಆದದ್ದನ್ನು ಅಳಿಸಿ) ಹೊಸದಾಗಿ ಕಟ್ಟಬಹುದು. ಗಾಬರಿಯಲ್ಲಿ ಕಟ್ಟಿದ್ದನ್ನೆಲ್ಲ ಕ್ಲೀನ್ ಮಾಡಿದವರು ಮತ್ತೊಂದು ದಿನ ತೆರಬೇಕಾದೀತು.

ಭಾಗಗಳ ಹೆಸರುಗಳು ಮೊದಲಿಗೆ ಗೊಂದಲ ಹುಟ್ಟಿಸುತ್ತವೆ. ಕ್ಯಾಲ್ಕ್ ಇರುವುದು ‘ಎಸ್‌ಸಿ’ ಎಂಬ ಫೋಲ್ಡರಿನಲ್ಲಿ, ರೈಟರ್ ಇರುವುದು ‘ಎಸ್‌ಡಬ್ಲ್ಯೂ’ನಲ್ಲಿ. ಇವು ಸ್ಟಾರ್‌ಕ್ಯಾಲ್ಕ್, ಸ್ಟಾರ್‌ರೈಟರ್ ಎಂಬ ಹಳೆಯ ಹೆಸರುಗಳ ಮೊದಲಕ್ಷರಗಳು. ಜರ್ಮನಿಯ ಸ್ಟಾರ್ ಡಿವಿಷನ್ ಕಂಪನಿಯನ್ನು 1999ರಲ್ಲಿ ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ ಕೊಂಡುಕೊಂಡು, 2000ದಲ್ಲಿ ಕೋಡನ್ನು ಓಪನ್‌ಆಫೀಸ್ ಹೆಸರಿನಲ್ಲಿ ತೆರೆದಿಟ್ಟಿತು. 2010ರ ಸೆಪ್ಟೆಂಬರಿನಲ್ಲಿ ಡಾಕ್ಯುಮೆಂಟ್ ಫೌಂಡೇಶನ್ ಎಂಬ ಸಂಸ್ಥೆ ಆ ಕೋಡಿನಿಂದಲೇ ಕವಲೊಡೆದ ಲಿಬ್ರೆಆಫೀಸನ್ನು ಘೋಷಿಸಿತು. ಮನೆತನ ಕವಲೊಡೆದರೂ ಮನೆಯ ಹಳೆಯ ಹೆಸರು ಹೋಗಿಲ್ಲ.

ಲೆಕ್ಕ ಹಾಕಿದರೆ ಯಂತ್ರ ಓಡಿದ್ದು ಸುಮಾರು ಒಂಬತ್ತು ಗಂಟೆ. ಕಂಪೈಲ್ ಆದ ತುಣುಕುಗಳನ್ನು ನೆನಪಿಡುವ ‘ಸಿಕ್ಯಾಶ್’ ಮೊದಲ ಸಲಕ್ಕೆ ಏನೂ ಉಳಿಸುವುದಿಲ್ಲ, ಅದರ ಫಲ ಎರಡನೆಯ ಸಲದಿಂದ. ಅದರ ಗಾತ್ರದ ಮಿತಿಯನ್ನು ಮೊದಲೇ ಹೆಚ್ಚಿಸಿಟ್ಟುಕೊಳ್ಳಬೇಕು. ಸಿದ್ಧವಾದ ತಂತ್ರಾಂಶವನ್ನು ಸಿಸ್ಟಮಿಗೆ ಇನ್‌ಸ್ಟಾಲ್ ಮಾಡದೆ, ‘ಇನ್‌ಸ್ಟ್‌ಡಿರ್’ ಫೋಲ್ಡರಿನಿಂದ ನೇರವಾಗಿ ತೆರೆಯಬಹುದು. ಅದು ಲಿಬ್ರೆಆಫೀಸ್‌ಡೆವ್ ಎಂದು ತನ್ನನ್ನು ಕರೆದುಕೊಂಡು, ಕಚೇರಿಯಲ್ಲಿ ದಿನವೂ ಬಳಸುವ ಪ್ರತಿಯ ಗೊಡವೆಗೆ ಹೋಗದೆ ಪಕ್ಕದಲ್ಲಿ ನಡೆಯುತ್ತದೆ.

ಇನ್ನು ನನ್ನ ಆ ಒಂದು ಪದ. ಕ್ಯಾಲ್ಕಿನ ಮೆನು ಕ್ಯಾಲ್ಕಿನ ಅನುವಾದದಲ್ಲಿಯೇ ಇರಬೇಕೆಂದು ‘ಎಸ್‌ಸಿ’ಯ ಪಿಓ ಎಂಬ ಅನುವಾದದ ಕಡತದಲ್ಲಿ ಅರ್ಧ ದಿನ ಹುಡುಕಿದೆ. ಮೆನುವಿನ ಮಾತುಗಳು ಇರುವುದು ‘ಆಫೀಸ್‌ಸಿಎಫ್‌ಜಿ’ ಎಂಬ ಬೇರೆಯೇ ಫೋಲ್ಡರಿನ ಆಳದಲ್ಲಿ. ಸಾಲು, ಕಂಬಗಳನ್ನು ಸ್ಥಿರಗೊಳಿಸುವ ಆಜ್ಞೆಯ ಎದುರಿಗೆ ‘ತಲೆಸಾಲು ಕದಲದಂತೆ ಇಡು’ ಎಂದು ಬರೆದು ಮತ್ತೆ ಮೇಕ್ ಕೊಟ್ಟಾಗ, ಈ ಬಾರಿ ಕಾಫಿ ಕುಡಿದು ಲೋಟ ಇಡುವಷ್ಟರಲ್ಲಿ ಮುಗಿಯಿತು.

ದಿನಬಳಕೆಗೆ ಲಿಬ್ರೆಆಫೀಸ್ ಸಾಕೆನ್ನುವವರು ಈ ಗೋಜಿಗೆ ಬರಬೇಕಾಗಿಲ್ಲ. ಉಬುಂಟು ಕೊಡುವುದೇ ಚೆನ್ನಾಗಿದೆ. ಅದರೊಳಗಿನ ಒಂದು ಮಾತನ್ನಾದರೂ ಬದಲಿಸುವ ಆಸೆಯುಳ್ಳವರು ಐವತ್ತು ಜಿಬಿ ಜಾಗ ಖಾಲಿ ಇಟ್ಟುಕೊಂಡು, ಇಳಿಸುವ ಕೆಲಸವನ್ನೆಲ್ಲ ಒಳ್ಳೆಯ ಸಂಪರ್ಕವಿರುವ ಕಡೆ ಮುಗಿಸಿ, ಸಾಧ್ಯವಾದರೆ ಮಳೆಗಾಲ ಕಳೆದ ಮೇಲೆ ಕೂರುವುದು ಒಳ್ಳೆಯದು. ಆ ಶನಿವಾರದ ಬಟವಾಡೆಯ ಹೊತ್ತಿಗೆ ರೈಟರು ಮೆನು ತೆರೆದು, ಕ್ಷಣವೂ ತಡೆಯದೆ ಆ ಸಾಲನ್ನು ಒತ್ತಿ ಹಾಜರಿ ತುಂಬತೊಡಗಿದರು. ಪದ ಬದಲಾಗಿದೆ ಎಂಬುದು ಅವರ ಗಮನಕ್ಕೆ ಬಂದಂತೆ ಕಾಣಲಿಲ್ಲ, ನಾನೂ ಹೇಳಲಿಲ್ಲ.