‘ಪರಿಪೂರ್ಣ ಸಂಗ್ರಹ’ ಎಂದು ಒಟ್ಟಿಗೆ ಮಾರುವ ಹಳೆಯ ಪಿಸ್ತೂಲುಗಳ ಬಗ್ಗೆ ಎಚ್ಚರವಿರಲಿ

ಪರವಾನಗಿ ಪಡೆದು ಹಳೆಯ ಪಿಸ್ತೂಲು, ರಿವಾಲ್ವರ್‌ಗಳನ್ನು ಸಂಗ್ರಹಿಸಲು ಹೊರಟವರಲ್ಲಿ ಬಹುತೇಕರಿಗೆ ಒಂದೇ ಆಸೆ ಇರುತ್ತದೆ: ಸಂಗ್ರಹ ಚಿಕ್ಕದಾದರೂ ಚಿಂತೆಯಿಲ್ಲ, ಮುಖ್ಯವಾದ ಯಂತ್ರರಚನೆಗಳೆಲ್ಲ ಅದರಲ್ಲಿರಬೇಕು. ನಡುವೆ ಬಾಗಿ ತೆರೆದುಕೊಳ್ಳುವ ರಿವಾಲ್ವರ್ ಒಂದು, ಸಿಲಿಂಡರ್ ಪಕ್ಕಕ್ಕೆ ಹೊರಳುವ ರಿವಾಲ್ವರ್ ಒಂದು, ಜರ್ಮನಿಯ ಲೂಗರ್ ಪಿಸ್ತೂಲು ಒಂದು, ಅಮೆರಿಕದ ಜಾನ್ ಬ್ರೌನಿಂಗ್ ವಿನ್ಯಾಸದ 1911 ಪಿಸ್ತೂಲು ಒಂದು. ಈ ಆಸೆಯನ್ನು ಚೆನ್ನಾಗಿ ಬಲ್ಲ ಕೆಲವು ಮಾರಾಟಗಾರರು ಇವೆಲ್ಲವನ್ನೂ ಜೋಡಿಸಿಟ್ಟು, ‘ಪರಿಪೂರ್ಣ ಸಂಗ್ರಹ, ಎಲ್ಲವೂ ಮೂಲ ಸ್ಥಿತಿಯಲ್ಲಿ, ಎಲ್ಲ ಸಂಖ್ಯೆಗಳೂ ಹೊಂದುತ್ತವೆ’ ಎಂದು ಜಾಹೀರಾತು ಕೊಡುತ್ತಾರೆ. ಅಂಥ ನಾಲ್ಕರ ಸೆಟ್ಟೊಂದನ್ನು ಕೊಂಡಾಗ ನನಗಾದ ಮೋಸವನ್ನೂ ಅದು ಯಾವ ಗುರುತುಗಳಿಂದ ಬಯಲಾಯಿತು ಎಂಬುದನ್ನೂ ಸ್ವಲ್ಪ ವಿವರವಾಗಿಯೇ ಇಲ್ಲಿ ಬರೆಯುತ್ತಿದ್ದೇನೆ.

ಜಾಹೀರಾತಿನ ಮುಖ್ಯ ಆಕರ್ಷಣೆ ಲೂಗರ್ ಆಗಿತ್ತು. ಚಿತ್ರಗಳೆಲ್ಲ ಒಂದೇ ಬದಿಯವು. ಬಿಚ್ಚಿಟ್ಟ ಭಾಗಗಳ ಚಿತ್ರ ಕೇಳಿದಾಗ, ಹಳೆಯ ವಸ್ತುವನ್ನು ಬಿಚ್ಚಿದರೆ ಅದರ ಬೆಲೆ ಹೋಗುತ್ತದೆ ಎಂಬ ಉತ್ತರ ಬಂತು. ಈ ಮಾತು ಶುದ್ಧ ಸುಳ್ಳು. ಲೂಗರನ್ನು ಬಿಚ್ಚಲು ಒಂದು ಉಪಕರಣವೂ ಬೇಡ. ಪಿಸ್ತೂಲು ಖಾಲಿ ಇರುವುದನ್ನು ಖಚಿತಪಡಿಸಿಕೊಂಡು, ನಳಿಗೆಯನ್ನು ತುಸು ಹಿಂದಕ್ಕೊತ್ತಿ ಎಡಬದಿಯ ಸಣ್ಣ ಸನ್ನೆಯನ್ನು ತಿರುಗಿಸಿದರೆ ಪಕ್ಕದ ತಟ್ಟೆ ಕಳಚಿ ಬರುತ್ತದೆ, ಮೇಲ್ಭಾಗವೆಲ್ಲ ಮುಂದಕ್ಕೆ ಜಾರುತ್ತದೆ. ಬಿಡಿಯಾಗಿ ಮಾರುವುದಿಲ್ಲ, ಕೊಂಡರೆ ನಾಲ್ಕನ್ನೂ ಕೊಳ್ಳಬೇಕು ಎಂಬ ಷರತ್ತು ಬೇರೆ. ಕಾಗದಪತ್ರಗಳ ವರ್ಗಾವಣೆ ಮುಗಿಯುವವರೆಗೆ ಬಂದೂಕುಗಳನ್ನು ಕೈಗೆ ಕೊಡಲೂ ಇಲ್ಲ.

ಲೂಗರಿನಲ್ಲಿ ತೋಟಾ ಕೂರುವ ಕೋಣೆಯ ಮೇಲೆ 1917 ಎಂಬ ಇಸವಿಯಿತ್ತು. 1908ರಲ್ಲಿ ಜರ್ಮನ್ ಸೇನೆ ಅಂಗೀಕರಿಸಿದ ಈ ಪಿಸ್ತೂಲಿನ ಸಣ್ಣಪುಟ್ಟ ಭಾಗಗಳ ಮೇಲೂ ಸೀರಿಯಲ್ ಸಂಖ್ಯೆಯ ಕೊನೆಯ ಎರಡು ಅಂಕೆಗಳನ್ನು ಒತ್ತುತ್ತಿದ್ದರು. ‘ಸಂಖ್ಯೆ ಹೊಂದುತ್ತದೆ’ ಎಂಬ ಮಾತಿಗೆ ಸಂಗ್ರಾಹಕರಲ್ಲಿ ಅಷ್ಟು ಬೆಲೆ ಬಂದಿರುವುದು ಅದರಿಂದಲೇ. ನನಗೆ ಬಂದ ಪಿಸ್ತೂಲಿನಲ್ಲಿ ಅಂಕೆಗಳೇನೋ ಹೊಂದುತ್ತಿದ್ದವು. ಆದರೆ ಪಕ್ಕದ ತಟ್ಟೆಯ ಮೇಲಿನ ಅಂಕೆಗಳ ಆಕಾರ ಚೌಕಟ್ಟಿನ ಮೇಲಿದ್ದಂತಿರಲಿಲ್ಲ. ಅಚ್ಚು ಒತ್ತಿದಾಗ ಸುತ್ತಲಿನ ಲೋಹ ಕೂದಲೆಳೆಯಷ್ಟು ಉಬ್ಬಿ ನಿಲ್ಲುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ಚೌಕಟ್ಟಿನ ಮೇಲೆ ಆ ಉಬ್ಬೇ ಇರಲಿಲ್ಲ, ತಪಾಸಣೆಯ ಮುದ್ರೆಗಳ ಅಂಚುಗಳು ಬಳಸಿದ ಸಾಬೂನಿನಂತೆ ದುಂಡಗಾಗಿದ್ದವು. ಅಂದರೆ ಇಡೀ ಪಿಸ್ತೂಲನ್ನು ಉಜ್ಜಿ ಹೊಳಪು ಕೊಟ್ಟು ಹೊಸದಾಗಿ ಬ್ಲೂಯಿಂಗ್ (ಉಕ್ಕಿನ ಮೇಲ್ಮೈಗೆ ಕಡುನೀಲಿ ಬಣ್ಣ ಬರಿಸುವ ಸಂಸ್ಕರಣೆ) ಮಾಡಿದ್ದರು. ಆ ಕಾಲದ ಲೂಗರುಗಳಲ್ಲಿ ಟ್ರಿಗರ್, ಬಿಚ್ಚುವ ಸನ್ನೆ ಮುಂತಾದ ಕೆಲವು ಭಾಗಗಳಿಗೆ ಒಣಹುಲ್ಲಿನ ಹೊಂಬಣ್ಣ ಇರುತ್ತಿತ್ತು. ಇಲ್ಲಿ ಅವೂ ಕಡುನೀಲಿ. ಮೊದಲ ಮಹಾಯುದ್ಧದ ಕಾಲದ ಮ್ಯಾಗಜೀನಿಗೆ ಮರದ ತಳವಿರಬೇಕಾದಲ್ಲಿ ಅಲ್ಯೂಮಿನಿಯಂ ತಳವಿತ್ತು. ಉಜ್ಜಿದ್ದಕ್ಕೆ ಕಾರಣವೂ ತಿಳಿಯಿತು. ದೀಪವನ್ನು ಓರೆಯಾಗಿ ಹಿಡಿದಾಗ ಬಲಬದಿಯ ಲೋಹದಲ್ಲಿ ಅಲೆಯಲೆಯಾದ ತಗ್ಗುಗಳು ಕಂಡವು: ತುಕ್ಕು ತಿಂದ ಗುಳಿಗಳನ್ನು ಸಮಮಾಡಿದ ಜಾಗಗಳವು. ಚರ್ಮದ ಒರೆಯಲ್ಲಿ ವರ್ಷಗಟ್ಟಲೆ ಇಟ್ಟ ಪಿಸ್ತೂಲಿಗೆ ಹೀಗಾಗುತ್ತದೆ, ಏಕೆಂದರೆ ಚರ್ಮ ತೇವವನ್ನು ಹೀರಿ ಹಿಡಿದುಕೊಳ್ಳುತ್ತದೆ, ಹದಮಾಡಲು ಬಳಸಿದ ಲವಣ ಮತ್ತು ಆಮ್ಲಗಳು ಲೋಹವನ್ನು ಕೊರೆಯುತ್ತವೆ. ಚಿತ್ರಗಳಲ್ಲಿ ಇಲ್ಲದ ಬದಿ ಇದೇ ಎಂದು ಬೇರೆ ಹೇಳಬೇಕಿಲ್ಲ.

ಬೆಲೆಯ ನಷ್ಟ ಹಾಗಿರಲಿ, ಜೀವಕ್ಕೇ ಅಪಾಯವಾಗುವಂಥದ್ದು ರಿವಾಲ್ವರ್‌ಗಳಲ್ಲಿತ್ತು. ವೆಬ್ಲಿ ಮಾರ್ಕ್ 6 ಎಂಬುದು 1915ರಲ್ಲಿ ಬ್ರಿಟಿಷ್ ಸೇನೆಗೆ ಬಂದ .455 ಕ್ಯಾಲಿಬರಿನ (ಅಂದರೆ ತೋಟಾದ ಅಳತೆಯ) ರಿವಾಲ್ವರ್. ಇದರ ಸಿಲಿಂಡರಿನ ಹಿಂಬದಿಯನ್ನು ಕೆತ್ತಿ ತೆಳುವಾಗಿಸಿ, ಲೋಹದ ಕ್ಲಿಪ್ ಸಹಾಯದಿಂದ .45 ಎಸಿಪಿ ಎಂಬ ಪಿಸ್ತೂಲಿನ ತೋಟಾ ಹಿಡಿಸುವಂತೆ ಮಾಡಿರುವ ಪಿಸ್ತೂಲುಗಳು ಬಹಳ ಸಿಗುತ್ತವೆ. ನನ್ನದೂ ಅಂಥದ್ದೇ; ಸಿಲಿಂಡರಿಗೂ ಅದರ ಹಿಂದಿನ ಗೋಡೆಗೂ ನಡುವೆ ಇರಬಾರದಷ್ಟು ಬೆಳಕು ಕಾಣುತ್ತಿತ್ತು. .45 ಎಸಿಪಿ ತೋಟಾದ ಒತ್ತಡ ವೆಬ್ಲಿಯ ಮೂಲ ತೋಟಾಕ್ಕಿಂತ ಬಹಳ ಹೆಚ್ಚು. ತೋಟಾ ಕೂರುತ್ತದೆ, ಗುಂಡು ಹಾರುತ್ತದೆ, ಆದರೆ ಆ ಉಕ್ಕು ಅಷ್ಟು ಒತ್ತಡಕ್ಕೆಂದು ಮಾಡಿದ್ದಲ್ಲ. ಜಾಹೀರಾತಿನಲ್ಲಿ ಇದ್ದದ್ದು ‘.455, ಮೂಲ ಸ್ಥಿತಿ’ ಎಂದು ಮಾತ್ರ.

ಇನ್ನೊಂದು, ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿಗಾಗಿ ತಯಾರಾದ ಸ್ಮಿತ್ ಅಂಡ್ ವೆಸನ್ ವಿಕ್ಟರಿ ಮಾಡೆಲ್. ಅದರ ಕೋಣೆಗಳನ್ನು .38 ಸ್ಪೆಷಲ್ ಎಂಬ ಬೇರೆ ತೋಟಾಕ್ಕೆಂದು ಉದ್ದಕ್ಕೆ ಕೊರೆದಿದ್ದರು. .38 ಸ್ಪೆಷಲ್ ಉದ್ದವಾದರೂ ಮೂಲ ತೋಟಾಕ್ಕಿಂತ ತುಸು ತೆಳ್ಳಗಿರುವುದರಿಂದ, ಅಗಲವಾದ ಕೋಣೆಯಲ್ಲಿ ಹಾರಿಸಿದಾಗ ತೋಟಾದ ಹಿತ್ತಾಳೆಯ ಕೊಳವೆ ಉಬ್ಬುತ್ತದೆ, ಕೆಲವೊಮ್ಮೆ ಸೀಳುತ್ತದೆ. ನಳಿಗೆಯನ್ನೂ ಕತ್ತರಿಸಿ ಗಿಡ್ಡ ಮಾಡಿದ್ದರು. ಮೂಲದಲ್ಲಿ ಮುಂದಿನ ಗುರಿಕಡ್ಡಿ ನಳಿಗೆಯೊಂದಿಗೆ ಒಂದೇ ತುಂಡಾಗಿರುತ್ತದೆ. ಇದರಲ್ಲಿ ಅದರ ಬುಡದ ಸುತ್ತ ಬೆಸುಗೆಯ ಗೆರೆ ಸ್ಪಷ್ಟವಾಗಿತ್ತು.

1911ರ ಸುಧಾರಿತ ರೂಪವಾದ 1911ಎ1 ಒಂದರ ಬಗ್ಗೆ ಮಾತ್ರ ನನ್ನ ದೂರಿಲ್ಲ. ಸೇನೆಯ ದುರಸ್ತಿ ಕಾರ್ಯಾಗಾರಗಳಲ್ಲಿ ಇವುಗಳ ಭಾಗಗಳು ಅದಲುಬದಲಾಗುವುದು ಸಹಜ. ಅದು ಇತಿಹಾಸ, ಮೋಸವಲ್ಲ. ತಮಾಷೆಯೆಂದರೆ, ಟೈಪ್‌ರೈಟರ್ ತಯಾರಕರಾದ ರೆಮಿಂಗ್ಟನ್ ರ‍್ಯಾಂಡ್ ಯುದ್ಧಕಾಲದಲ್ಲಿ ಮಾಡಿದ ಈ ಪಿಸ್ತೂಲಿನಲ್ಲಿ ಸೀರಿಯಲ್ ಸಂಖ್ಯೆ ಇರುವುದು ಚೌಕಟ್ಟಿನ ಮೇಲೆ ಮಾತ್ರ. ಅದಕ್ಕೂ ‘ಎಲ್ಲ ಸಂಖ್ಯೆಗಳೂ ಹೊಂದುತ್ತವೆ’ ಎಂದು ಬರೆದವನು ಆ ಸಾಲನ್ನು ಕಣ್ಣುಮುಚ್ಚಿ ಎಲ್ಲದಕ್ಕೂ ಅಂಟಿಸಿದ್ದ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ಹಣ ವಾಪಸು ಕೇಳಿದಾಗ, ಇದ್ದ ಸ್ಥಿತಿಯಲ್ಲೇ ಮಾರಿದ್ದು ಎಂಬ ರಶೀದಿಯ ಸಣ್ಣಕ್ಷರದ ಸಾಲನ್ನು ತೋರಿಸಿದರು. ಬೇರೆ ಹಳೆಯ ವಸ್ತುವಾದರೆ ಮರಳಿ ಮಾರಾಟಗಾರನ ಮೇಜಿನ ಮೇಲಿಟ್ಟು ಜಗಳವಾಡಬಹುದು; ಬಂದೂಕನ್ನು ಹಾಗೆ ಹಿಂತಿರುಗಿಸಲು ಬರುವುದಿಲ್ಲ, ಪರವಾನಗಿಯಲ್ಲಿ ನಮೂದಾದ ಮೇಲೆ ವಾಪಸಾತಿಯೂ ಇನ್ನೊಂದು ವರ್ಗಾವಣೆಯೇ ಆಗುತ್ತದೆ. ಸೆಟ್ ಮಾರುವವರ ಧೈರ್ಯವೆಲ್ಲ ಇದರ ಮೇಲೇ ನಿಂತಿದೆ.

ಆದ್ದರಿಂದ ಒಂದೊಂದನ್ನೇ ಕೊಳ್ಳಿ, ಬಿಡಿಯಾಗಿ ಕೊಡಲಾರೆ ಎನ್ನುವವರನ್ನು ಬಿಟ್ಟುಬಿಡಿ. ಎರಡೂ ಬದಿಯ, ಬಿಚ್ಚಿದ ಭಾಗಗಳ, ಸಿಲಿಂಡರಿನ ಹಿಂಬದಿಯ ಚಿತ್ರಗಳನ್ನು ಓರೆಬೆಳಕಿನಲ್ಲಿ ತೆಗೆದು ಕಳಿಸಲು ಕೇಳಿ. ಕ್ಯಾಲಿಬರ್ ಮೂಲದಲ್ಲಿ ಏನಿತ್ತು, ಈಗ ಏನಿದೆ ಎಂಬುದನ್ನು ಬರಹದಲ್ಲಿ ಪಡೆಯಿರಿ. ವರ್ಗಾವಣೆಗೆ ಮೊದಲೇ ಇಬ್ಬರಿಗೂ ಸಂಬಂಧವಿಲ್ಲದ ಬಂದೂಕು ರಿಪೇರಿಗಾರನಿಂದ ಪರೀಕ್ಷೆ ಮಾಡಿಸಿ, ಅವನು ಕೋಣೆಗಳನ್ನು ಅಳೆಯುವವರೆಗೆ ಒಂದು ಗುಂಡನ್ನೂ ಹಾರಿಸಬೇಡಿ. ಚೌಕಟ್ಟಿನ ಮುಖ್ಯ ಸಂಖ್ಯೆಯನ್ನೇ ಉಜ್ಜಿ ಮತ್ತೆ ಒತ್ತಿದ ಅನುಮಾನ ಬಂದರೆ ಚೌಕಾಶಿಗೆ ಹೋಗದೆ ವ್ಯವಹಾರವನ್ನು ಅಲ್ಲಿಗೇ ನಿಲ್ಲಿಸಿ. ಅಂಥ ಬಂದೂಕನ್ನು ಇಟ್ಟುಕೊಳ್ಳುವುದೇ ಅನೇಕ ದೇಶಗಳಲ್ಲಿ ಅಪರಾಧ.