ಕತ್ತಲಲ್ಲಿ ಬೆಟ್ಟ ಇಳಿಯೋಕೆ: ಮೊಬೈಲಾ, ಕೈ ಟಾರ್ಚಾ, ತಲೆ ಟಾರ್ಚಾ?

ಡಿಸೆಂಬರ್ ಮೊದಲ ವಾರ ಮೈಸೂರು, ಮಂಡ್ಯ ಕಡೆ ಸಂಜೆ 6ಕ್ಕೆಲ್ಲ ಹೊತ್ತು ಮುಳುಗುತ್ತದೆ. ಇನ್ನರ್ಧ ಗಂಟೆಯಲ್ಲಿ ಕತ್ತಲು. ಚಾಮುಂಡಿ ಬೆಟ್ಟದ ಮೆಟ್ಟಿಲಲ್ಲಾದರೆ ಹೇಗೋ ಇಳಿದುಬಿಡಬಹುದು. ಪಾಂಡವಪುರದ ಕುಂತಿ ಬೆಟ್ಟದ ಬಂಡೆಗಳ ಮೇಲೆ ಅದು ನಡೆಯಲ್ಲ. "ಮೊಬೈಲ್ ಇದೆಯಲ್ಲ, ಬಿಡಿ" ಅನ್ನುವವರೇ ಜಾಸ್ತಿ. ಅದಕ್ಕೇ ಮೂರನ್ನೂ ಅಲ್ಲೇ ಪರೀಕ್ಷೆ ಮಾಡಿದೆ.

ಮೊಬೈಲ್ ಬೆಳಕು ಅಗಲಕ್ಕೆ ಹರಡುತ್ತದೆ, ದೂರ ಹೋಗಲ್ಲ. ಬಂಡೆ ಹಿಡಿಯಲು ಕೈ ಬೇಕಾದಾಗ ಜೇಬಿಗೆ ಸೇರಿಸಬೇಕು, ಆಗ ಬೆಳಕೆಲ್ಲ ಆಕಾಶಕ್ಕೆ. ಕಾಲು ಉಳುಕಿದರೆ 112ಕ್ಕೆ ಫೋನ್ ಮಾಡಬೇಕಾದ್ದೂ ಅದರಿಂದಲೇ ಅಲ್ವಾ? ಚಾರ್ಜ್ ಅದಕ್ಕೆ ಉಳಿಯಲಿ.

ತಲೆ ಟಾರ್ಚ್ ಕಟ್ಟಿಕೊಂಡರೆ ಎರಡೂ ಕೈ ಖಾಲಿ. ಕೂತು, ಅಂಗೈ ಊರಿ, ಜಾರಿಕೊಂಡು ಇಳಿಯುವ ಜಾಗದಲ್ಲಿ ಬೇರೆ ಯಾವುದೂ ಇದರ ಹತ್ತಿರ ಬರಲ್ಲ. ಆದರೆ ಅಂಗಡಿಯವರು ಹೇಳದ ಒಂದು ತೊಂದರೆ ಇದೆ. ಬೆಳಕು ಕಣ್ಣಿನ ಮಟ್ಟದಿಂದಲೇ ಬೀಳುವುದರಿಂದ ಕಲ್ಲಿನ ನೆರಳು ಕಲ್ಲಿನ ಹಿಂದೆಯೇ ಅಡಗುತ್ತದೆ. ಹಳ್ಳವೂ ಸಮತಟ್ಟೂ ಒಂದೇ ಥರ ಕಾಣುತ್ತವೆ. ಅದೇ ಜಾಗದಲ್ಲಿ ಕೈ ಟಾರ್ಚನ್ನು ಸೊಂಟದ ಹತ್ತಿರ ಹಿಡಿದೆ. ಒಂದೊಂದು ಗುಂಡಿಯ ಅಂಚಿಗೂ ಉದ್ದ ನೆರಳು ಬಿತ್ತು. ಎಲ್ಲಿ ಹೆಜ್ಜೆ ಇಡಬೇಕು ಅಂತ ತಕ್ಷಣ ಗೊತ್ತಾಯಿತು. ಹುಲ್ಲಿನ ದಾರಿಯಲ್ಲಿ ಹಾವು ಇದೆಯಾ ಅಂತ ನೋಡೋಕೂ ಇದೇ ವಾಸಿ. ಕೊಡಗಿನ ತಡಿಯಂಡಮೋಳ್ ಥರದ ಕಡೆ ಮಂಜು ಕವಿದರಂತೂ ತಲೆ ಟಾರ್ಚ್ ಮುಖದ ಮುಂದೆ ಬಿಳಿ ಗೋಡೆ ಎಬ್ಬಿಸುತ್ತದೆ. ಜೊತೆಗೆ ಹುಳುಗಳೆಲ್ಲ ಮೂಗಿಗೇ ಬರುತ್ತವೆ, ಮಾತಾಡಿಸೋಕೆ ತಿರುಗಿದರೆ ಗೆಳೆಯರ ಬೈಗುಳ ಬೇರೆ.

ಒಂದೇ ಕೊಳ್ಳುವ ಹಾಗಿದ್ದರೆ ನನ್ನ ವೋಟು ತಲೆ ಟಾರ್ಚಿಗೇ. ಮಟ್ಟಸ ದಾರಿ ಬಂದಾಗ ಬಿಚ್ಚಿ ಕೈಯಲ್ಲಿ ಹಿಡಿದರೆ ಅದೇ ಕೈ ಟಾರ್ಚ್. ಮೊಬೈಲಿಗೆ ಆ ಉಪಾಯ ನಡೆಯಲ್ಲ. ದಾರಿ ತಪ್ಪಿದರೆ ನಿಮಿಷಕ್ಕೆ ಆರು ಸಲ ಮಿನುಗಿಸಿ, ಒಂದು ನಿಮಿಷ ಬಿಟ್ಟು ಮತ್ತೆ ಆರು ಸಲ. ಬೆಟ್ಟ ಹತ್ತುವವರಲ್ಲಿ ಇದು ಸಹಾಯ ಕೇಳುವ ಸಂಕೇತ.

ಚಾರ್ಜ್ ಮಾಡುವ ಟಾರ್ಚ್ ಅಗ್ಗ ಬೀಳುತ್ತೆ ನಿಜ. ನಾನು ಮಾತ್ರ ಟಿವಿ ರಿಮೋಟಿನ ಸಣ್ಣ ಸೆಲ್ ಹಾಕುವುದನ್ನೇ ಇಟ್ಟುಕೊಂಡಿದ್ದೇನೆ. ಆ ಸೆಲ್ ಪಾಂಡವಪುರದ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ. ಬ್ಯಾಗಿನಲ್ಲಿ ಸ್ವಿಚ್ ಒತ್ತಿಹೋಗದಂತೆ ಬೆಟ್ಟ ಹತ್ತುವಾಗ ಸೆಲ್ ಹೊರಗೆ ತೆಗೆದಿಡಿ, ಬೆಳಕಿರುವಾಗಲೇ ಹಾಕಿಕೊಳ್ಳಿ.